ಬೈರಾಸು ಬೀಸಿದ್ದು ಯಾರು?

೧
ಎಲ್ಲಿಂದ ಶುರು ಮಾಡಲಿ? ಹಕ್ಕಿಯಿಂದಲೋ, ಗಾಳಿಯಿಂದಲೋ, ನನ್ನ ದಡ್ಡತನದಿಂದಲೋ? ‘೨೦೦೪ರ ಮಾರ್ಚ್ ತಿಂಗಳ ಆ ಸುಂದರ ಮುಂಜಾನೆ’ ಅಂತ ಬರೆದು ಹೊಡೆದುಹಾಕಿದೆ. ಸುಂದರವೂ ಅಲ್ಲ, ಮುಂಜಾನೆಯೂ ಅಲ್ಲ. ಮಧ್ಯಾಹ್ನ ಮೂರು ಗಂಟೆ, ಬಾಯಿತುಂಬ ಮರಳು.

೨
ಸರಿ, ಹೀಗೆ. ಚಳಿಗಾಲ ಮುಗಿಸಿದ ಕಡಲಹಕ್ಕಿಗಳು ಉತ್ತರಕ್ಕೆ ವಾಪಸು ಹೊರಡುವುದನ್ನು ನೋಡಲು ಬೈನಾಕ್ಯುಲರ್ ಹಿಡಿದು ಕುಂದಾಪುರದ ಕೋಡಿ ಕಡಲತೀರಕ್ಕೆ ಹೋದೆ. ಮರಳ ದಿಬ್ಬದ ಮೇಲೆ ಆಗಲೇ ಒಬ್ಬರು ಹಿರಿಯರು ಕೂತಿದ್ದರು. ದುಗ್ಗಪ್ಪ, ದಡದಿಂದ ಹಗ್ಗ ಹಿಡಿದು ಎಳೆಯುವ ಕೈರಂಪಣಿ ಬಲೆಯವರ ಕಾವಲು. ಹಕ್ಕಿಗಳು ನೀರಿಗೆ ಧುಮುಕಿದರೆ ಅಲ್ಲಿ ಮೀನಿದೆ ಅಂತ ಅರ್ಥ. ಇವರು ಹೆಗಲ ಮೇಲಿನ ಬೈರಾಸು ಬೀಸಬೇಕು, ಕೆಳಗೆ ಕಾದವರು ದೋಣಿ ಇಳಿಸಬೇಕು. (ಇಷ್ಟು ವಿವರ ಸಾಕು. ನಾನು ಪಠ್ಯಪುಸ್ತಕ ಬರೆಯುತ್ತಿಲ್ಲ.)

“ಹ್ವಾಯ್, ಹಕ್ಕಿ ಎಲ್ಲಿತ್ತ್ ಹೇಳಿ ಕಾಂಬ,” ಅಂದರು.

“ನಿಮಗೆ ಕಾಣುವುದಿಲ್ಲವಾ?”

ದುಗ್ಗಪ್ಪ ದನಿ ತಗ್ಗಿಸಿದರು. “ಎರಡ್ ವರ್ಷ ಆಯ್ತ್, ದೂರದ್ದ್ ಎಂತದೂ ಕಾಂತಿಲ್ಲೆ. ಹಕ್ಕಿ ಗಲಾಟಿ ಕೇಂಡ್ ಬೀಸುದ್. ಇವತ್ತ್ ಈ ಗಾಳಿಗೆ ಅದೂ ಕೇಂತಿಲ್ಲೆ. ಯಾರಿಗೂ ಹೇಳ್ಬೇಡಿ ಮಾರಾಯ್ರೆ, ಗೊತ್ತಾರೆ ನನ್ನನ್ನ್ ಈ ದಿಬ್ಬದಿಂದ ಇಳ್ಸ್ತ್ರ್. ಮತ್ತೆ ಮನಿಯಂಗೆ ಕೂಕಂಡ್ ಎಂತ ಮಾಡುದ್?”

೩
ಅಷ್ಟರಲ್ಲಿ ಬಂದವು. ಸಾವಿರ ಇರಬೇಕು. (ಎಣಿಸಲಿಲ್ಲ. ಕಥೆಗಾರನ ಸಾವಿರ.) ಎದುರುಗಾಳಿಗೆ ಸಿಕ್ಕಿ ಒಂದೇ ಸಲ ನೀರಿನ ಮಟ್ಟಕ್ಕೆ ಇಳಿದವು. ಅಯ್ಯೋ ದೇವರೇ, ಎಂಥ ಚೆಂದ! ಖುಷಿ ತಡೆಯಲಾಗದೆ ಎದ್ದು ಕುಣಿದೆ, ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಗಿರಗಿರನೆ ಬೀಸಿದೆ.

ಕೆಳಗೆ ದೋಣಿ ಇಳಿಯಿತು.

“ಹಕ್ಕಿ ಮುಳ್ಗಿ ಎದ್ವಾ?” ದುಗ್ಗಪ್ಪ ಕೇಳಿದರು.

“ಇಲ್ಲ, ಹಾಗೇ ಉತ್ತರಕ್ಕೆ ಹೋದವು.”

“ಹಾಂಗಾರೆ ಮೀನಲ್ಲ. ಗಾಳಿ ತಪ್ಸುಕೆ ಇಳ್ದದ್.”

ಬೈನಾಕ್ಯುಲರ್ ನನ್ನದು, ತಿಳಿವಳಿಕೆ ಅವರದ್ದು. ನಾಚಿಕೆಯಾಯಿತು.

೪
ದೋಣಿ ಅರ್ಧಸುತ್ತು ಬಲೆ ಬಿಟ್ಟು ಬಂತು. ತಂಡದ ಯಜಮಾನ ಸುಬ್ಬ ದಿಬ್ಬ ಹತ್ತಿ ಬಂದ.

“ದುಗ್ಗಪ್ಪಣ್ಣ, ಬೈರಾಸ್ ಬೀಸಿದ್ ನೀವೇ ಅಲ್ದಾ? ನಂಗೊಂದೂ ಹಕ್ಕಿ ಕಾಂತಿಲ್ಲೆ.”

ನಾನು ಒಪ್ಪಿಕೊಂಡರೆ, ‘ನೀವ್ಯಾಕೆ ತಡೆಯಲಿಲ್ಲ’ ಅಂತ ಇವರಿಗೆ ಪ್ರಶ್ನೆ. ಕಣ್ಣಿನ ಗುಟ್ಟು ರಟ್ಟು. ಸುಮ್ಮನಿದ್ದರೆ ಖಾಲಿ ಬಲೆಯ ಬೈಗುಳ ಇವರ ತಲೆಗೆ. ಬಾಯಿ ತೆರೆದೆ.

“ನಾನೇ,” ಅಂದುಬಿಟ್ಟರು ದುಗ್ಗಪ್ಪ.

೫
ಅಂತ್ಯ ಒಂದು: ಬಲೆ ತುಂಬ ಬಂಗುಡೆ. ಬರೆದದ್ದನ್ನು ಅವರಿಗೇ ಓದಿ ಹೇಳಿದ್ದಕ್ಕೆ ದುಗ್ಗಪ್ಪ ಸಿಡುಕಿದರು. “ಬಲೆಯೊಳ್ಗೆ ನೀವ್ ಮೀನ್ ಹಾಕ್ಬೇಡಿ.”

ಅಂತ್ಯ ಎರಡು: ಬರಿ ಪಾಚಿ, ಒಂದು ಚಪ್ಪಲಿ. ಬರೆಯಲು ಕೈ ಬರಲಿಲ್ಲ.

ಅಂತ್ಯ ಮೂರು: ಆಪರೇಶನ್, ಕಣ್ಣು ಸರಿ, ಎಲ್ಲರೂ ನಗುತ್ತಾರೆ. ಆಸ್ಪತ್ರೆಯ ಜಾಹೀರಾತಿನ ಹಾಗಾಯಿತು. ಹರಿದೆ.

೬
ಹಾಗಾಗಿ ಕಥೆಯಲ್ಲಿ ಬಲೆ ಇನ್ನೂ ನೀರಿನಲ್ಲಿದೆ. ಅದು ದಡಕ್ಕೆ ಬರುವ ತನಕ ಈ ಕಡಲಿಗೆ ದುಗ್ಗಪ್ಪನೇ ಕಾವಲು. ಅದಕ್ಕೇ ನಿಧಾನ ಬರೆಯುತ್ತಿದ್ದೇನೆ. ಓದುಗರೇ, ನೀವೂ ಸ್ವಲ್ಪ ನಿಧಾನ ಓದಿ.

“ಹ್ವಾಯ್!” ಯಾರೂ ಇಳಿಸದೆ ತಾವೇ ದಿಬ್ಬ ಇಳಿದು ಹಗ್ಗ ಹಿಡಿದಿದ್ದ ದುಗ್ಗಪ್ಪ ಕೂಗಿದರು. “ಬರ್ದದ್ ಸಾಕ್, ಬನಿ!”

ಓಡಿ ಹೋಗಿ ಅವರ ಹಿಂದೆ ಹಗ್ಗ ಹಿಡಿದೆ.

“ದುಗ್ಗಪ್ಪಣ್ಣ, ಭಾರ ಇದೆ!”

“ನೀರಿಗೂ ಭಾರ ಇತ್ತ್,” ಅಂದರು. “ಎಳಿನಿ.”