ಕಲ್ಲುಹೂವಿನ ಬಾಟಲಿಯೊಳಗೆ

ನಾನು ಒಂದು ತೊಗಟೆಹೇನು. ಹೆಸರಿನಲ್ಲಿ ಹೇನಿದ್ದರೂ ಯಾರ ರಕ್ತವನ್ನೂ ಕುಡಿದವಳಲ್ಲ. ಮರದ ತೊಗಟೆಗೆ ಅಂಟಿ ಬೆಳೆಯುವ ಬೂದುಬಣ್ಣದ ಕಲ್ಲುಹೂವೇ ನನ್ನ ಊಟ, ಅದೇ ಮನೆ. ಬೆಟ್ಟದ ಕಾಡಿನ ಒಂದು ಮತ್ತಿಮರದಲ್ಲಿ, ತಾಯಿ ನೇಯ್ದ ರೇಷ್ಮೆಯ ತೆಳುಹೊದಿಕೆಯ ಕೆಳಗೆ ನಾನು ಹುಟ್ಟಿದೆ.

ಎರಡು ಸಲ ಚರ್ಮ ಕಳಚಿದ್ದೆ, ಅಷ್ಟರಲ್ಲಿ ಸೋಲಿಗರ ಮಾದಮ್ಮ ಮಗಳೊಡನೆ ಕಲ್ಲುಹೂ ಬಿಡಿಸಲು ಬಂದಳು.

"ಅರ್ಧ ಬುಟ್ಟು ಕೀಳವ್ವ. ಪೂರಾ ಕೆರೆದ್ರೆ ಮುಂದ್ಕೆ ಹುಟ್ಟಾಕಿಲ್ಲ," ಎಂದಳು ಮಗಳಿಗೆ.

ಅದು ಅವರ ರೂಢಿ. ಬಿಟ್ಟ ಅರ್ಧದಲ್ಲಿ ನನ್ನ ಅಕ್ಕತಂಗಿಯರು ಉಳಿದರು. ಕಿತ್ತ ಅರ್ಧದಲ್ಲಿ ನಾನಿದ್ದೆ.

ಒಣಗಲು ಹರಡಿದಾಗ ಕಲ್ಲುಹೂವಿನದೇ ಒಂದು ಮಡಿಕೆಯ ನೆರಳಲ್ಲಿ ಬದುಕಿಕೊಂಡೆ. ಆಮೇಲೆ ಚೀಲ, ಲಾರಿ, ಮಸಾಲೆ ಅಂಗಡಿ. ಕೊನೆಗೆ ಧಾರವಾಡದ ಗುರವ್ವನ ಅಡುಗೆಮನೆಯ ಗಾಜಿನ ಬಾಟಲಿ. ಅನ್ನ ಕುದಿಯುವಾಗ ಮುಚ್ಚಳದ ಸಂದಿಯಿಂದ ನುಸುಳುವ ಹಬೆಯೇ ನನ್ನ ನೀರು. ಇಲ್ಲಿಯೇ ಕೊನೆಯ ಸಲ ಚರ್ಮ ಕಳಚಿದೆ. ನಾಲ್ಕು ರೆಕ್ಕೆ ಬಂದವು. ಎತ್ತ ಹಾರಿದರೂ ಗಾಜು. ತಳಕ್ಕೆ ಬೀಳುವುದನ್ನು ಬಿಟ್ಟು ಆ ರೆಕ್ಕೆಗಳಿಂದ ನಾನು ಬೇರೇನನ್ನೂ ಕಲಿಯಲಿಲ್ಲ.

ನನ್ನ ಕುಲದ ಹೆಣ್ಣಿಗೆ ಮೊಟ್ಟೆಯಿಡಲು ಗಂಡು ಬೇಕೆಂದಿಲ್ಲ. ಒಂದು ತುಣುಕಿನ ಮೇಲೆ ಒಂಬತ್ತು ಮೊಟ್ಟೆಯಿಟ್ಟು, ಬಾಯಿಂದ ನೂಲು ತೆಗೆದು ಮುಚ್ಚಿ, ಕಾವಲು ಕುಳಿತೆ.

ಮರುದಿನವೇ ಗುರವ್ವ ವರ್ಷದ ಮಸಾಲೆಖಾರಕ್ಕೆ ಕೈಹಾಕಿದಳು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಸೊಸೆ ಸುಮಂಗಲಾ ಹಸನು ಮಾಡಲು ಬಾಟಲಿಯನ್ನು ಪರಾತಕ್ಕೆ ಸುರಿದಳು.

"ಅತ್ತಿ, ಬೂಸ್ಟ ಹಿಡದೈತ್ರಿ! ಮ್ಯಾಲೊಂದು ಹುಳಾನೂ ಕುಂತೈತಿ. ಎಲ್ಲಾ ಚೆಲ್ಲಿಬಿಡ್ಲೇನ್ರಿ?"

"ಚೆಲ್ಲಾಕ ನಿನ್ನ ತವರಮನಿಂದ ತಂದೀಯೇನ? ಹುಳಾ ಕುಂತೈತೆಂದ್ರ ಮಾಲು ಅಸಲಿ ಐತಿ ಅಂತ ತಿಳಕೊ. ಹುಳಾ ಕೊಲ್ಲೂ ಎಣ್ಣಿ ಹೊಡದ ಮಾಲಿಗೆ ಯಾವ ಹುಳಾ ಬರತೈತಿ?"

"ಹಂಗಾರ ಹುಳಾನೂ ಹುರಿಯೂಣೇನ್ರಿ?"

"ಬಾಯಿ ಬಾಳ ಆತು ನಿಂದು. ಆ ಬೂಸ್ಟ ಹಿಡದ ತುಣಕಷ್ಟ ಹಿತ್ತಲಕ್ಕ ಒಗಿ."

ತಲೆಯ ಮೇಲೆ ಗಾಜಿರಲಿಲ್ಲ. ಎದುರಿಗೆ ತೆರೆದ ಕಿಟಕಿ, ಅದರಾಚೆ ಮಾವಿನಮರ. ಹಾರಬಹುದಿತ್ತು. ಆದರೆ ಅವರು ಬೂಸ್ಟೆಂದದ್ದು ನನ್ನ ನೂಲನ್ನು. ಅದನ್ನು ಬಿಟ್ಟು ನನ್ನ ಕಾಲುಗಳು ಕೀಳಲಿಲ್ಲ.

ಸುಮಂಗಲಾ ನನ್ನನ್ನು ಬೆರಳಿಂದ ಕೊಡವಿದಳು. ನಾನು ರಾಶಿಗೆ ಬಿದ್ದೆ. ಮೊಟ್ಟೆಗಳ ತುಣುಕು ಕಿಟಕಿಯಿಂದ ಹಾರಿ ಮಾವಿನ ಕವಲಿನಲ್ಲಿ ಸಿಕ್ಕಿಕೊಂಡಿತು. ಒಂದು ಬೊಗಸೆ ಕಲ್ಲುಹೂ ಕಡಾಯಿಗೆ ಹೋಯಿತು. ಉಳಿದದ್ದು, ನನ್ನ ಸಮೇತ, ಮತ್ತೆ ಬಾಟಲಿಗೆ ಬಂತು. ಮುಚ್ಚಳ ತಿರುಗಿತು.

ಈಗ ರೆಕ್ಕೆಯ ಅಂಚು ಹರಿದಿದೆ. ಗಾಜಿನ ಈ ಬದಿಯಿಂದ ಆ ಕವಲು ಒಂದು ಮಬ್ಬು ಕಪ್ಪು ಮಾತ್ರ. ನಮ್ಮ ಮೊಟ್ಟೆ ಒಡೆಯಲು ಹನ್ನೆರಡು ದಿನ ಸಾಕು. ಇವತ್ತು ಹದಿನಾಲ್ಕನೆಯದು.