ಪಟ್ಟಿಯಲ್ಲಿಲ್ಲದ ಕರೂರು

“ನಮ್ಮ ಕರೂರು ಎಲ್ಲಿಗಿ ಹೋತು?”

ಸಿರುಗುಪ್ಪದ ಆಸ್ಪತ್ರೆ ಗೋಡೆಗೆ ಅಂಟಿಸಿದ್ದ ಹಾಳೆಯ ಮುಂದೆ ನಿಂತು ಮೂಕಮ್ಮ ಕೇಳಿದಳು. ಸುತ್ತ ಯಾರೂ ಇರಲಿಲ್ಲ. ಅವಳು ಕರೂರಿನ ಆಶಾ ಕಾರ್ಯಕರ್ತೆ. ಚಿಕ್ಕಂದಿನಲ್ಲಿ ಶ್ರಾವಣದ ತುಂಬ ಅವ್ವನ ಮಗ್ಗುಲಲ್ಲಿ ಕುಳಿತು ಪುರಾಣ ಕೇಳಿದವಳು. ಓದುವವರು ಒಂದು ಸಾಲು ಬಿಟ್ಟರೂ ಅವಳ ಕಿವಿ ಹಿಡಿಯುತ್ತಿತ್ತು. ಹಾಳೆಯನ್ನು ಮೂರು ಸಲ ಓದಿದಳು. ಕೊರೊನಾದ ಹೊಸ ತಳಿ ಪತ್ತೆಯಾದ ಊರು ಕುರುಗೋಡು, ಸಿಕ್ಕ ಮಾದರಿಗಳು ಎರಡು ಎಂದಿತ್ತು, ಪಕ್ಕದಲ್ಲಿ ಅವುಗಳ ನಂಬರು.

ಆ ನಂಬರಿನ ಎರಡೂ ಮಾದರಿ ಕೊಡಿಸಿದವಳು ಅವಳೇ. ಮೂರು ವಾರದ ಹಿಂದೆ, ಒಂದೇ ಟಂಟಂ ಆಟೋದಲ್ಲಿ ಭತ್ತದ ನಾಟಿಗೆ ಹೋಗಿಬರುತ್ತಿದ್ದ ಹೆಂಗಸರಿಗೆಲ್ಲ ಕೆಮ್ಮು ಹತ್ತಿತ್ತು. ಇಬ್ಬರನ್ನು ಪುಸಲಾಯಿಸಿ ಇಲ್ಲಿಗೆ ಕರೆತಂದಿದ್ದಳು. “ನಮ್ಮ ಮೂಗಿನ ಸಿಂಬಳಾನೂ ಬೆಂಗಳೂರು ನೋಡತೈತೇನಲೇ,” ಎಂದು ಅವರಲ್ಲೊಬ್ಬಳಾದ ಹುಲುಗಮ್ಮ ನಕ್ಕಿದ್ದಳು. ಅಲ್ಲಿ ವೈರಸ್ಸಿನ ಒಂದೊಂದು ಅಕ್ಷರ ಓದಿ ಯಾವ ತಳಿಯೆಂದು ಹೇಳುತ್ತಾರೆ, ಹೊಸದು ಸಿಕ್ಕ ಊರಿಗೆ ಡಾಕ್ಟರ ತಂಡವೇ ಬರುತ್ತದೆ ಎಂದು ಮೂಕಮ್ಮ ಮಾತು ಕೊಟ್ಟಿದ್ದಳು. ಮಾದರಿಯ ಕೊಳವೆಗೆ ಅಂಟಿಸುವ ಚೀಟಿಯಲ್ಲಿ ದುಂಡಗೆ ‘ಕರೂರು’ ಎಂದು ಬರೆದು, ಫೋನಿನಲ್ಲಿ ಫೋಟೊ ಕೂಡ ತೆಗೆದಿಟ್ಟಿದ್ದಳು.

ತಂಡ ಬಂದಿತ್ತು, ಕುರುಗೋಡಿಗೆ. ನಾಲ್ಕು ದಿನ ಮನೆ ಮನೆ ತಿರುಗಿ ಏನೂ ಸಿಗದೆ ವಾಪಸಾಗಿತ್ತು. ಕರೂರಿನಲ್ಲಿ ಹನ್ನೊಂದು ಮನೆ ಕೆಮ್ಮುತ್ತಿದ್ದವು. ಹುಲುಗಮ್ಮ ಆಕ್ಸಿಜನ್ ಮೇಲಿದ್ದಳು.

ಮೂಕಮ್ಮ ಅಲ್ಲಿಂದಲೇ ಬಳ್ಳಾರಿ ಬಸ್ ಹತ್ತಿದಳು. ಕುರುಗೋಡಿನವರು ಯಾರಾದರೂ ಇದ್ದರೆ ಹಿಂದಿನ ಸೀಟಿಗೆ ಹೋಗಿ ಎಂದು ಒಬ್ಬ ತಮಾಷೆ ಮಾಡಿದ. ಬಸ್ಸೆಲ್ಲ ನಕ್ಕಿತು. ಅವಳು ಸೆರಗು ಬಿಗಿ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು.

ಮಾದರಿಗಳನ್ನು ಬೆಂಗಳೂರಿಗೆ ಕಳಿಸುವ ಬಳ್ಳಾರಿಯ ಲ್ಯಾಬಿನಲ್ಲಿ, ಕಂಪ್ಯೂಟರಿಗೆ ಮಾಹಿತಿ ತುಂಬುವ ಪೂಜಿತಾ ಏನನ್ನೂ ಮುಚ್ಚಿಡಲಿಲ್ಲ.

“ನಮ್ಮ ಕರೂರು ಕಂಪ್ಯೂಟರಿನ ಲಿಸ್ಟಿನ್ಯಾಗ ಇಲ್ಲಕ್ಕಾ. ಹುಡುಕಿದ್ರ ತಮಿಳುನಾಡಿನ ಕರೂರು ಬರತೈತಿ. ನಮ್ಮ ಜಿಲ್ಲಾದ್ದರ ಇರ್ಲಿ ಅಂತ ಕುರುಗೋಡು ಒತ್ತೀನಿ.”

“ಕ ಬಂದ್ರ ಊರು ಬಂದಂಗೇನವಾ?”

ಪೂಜಿತಾ ಎದ್ದು ಮೇಲಿನವರಿಗೆ ತಿಳಿಸಲು ಹೋದಳು.

ಲ್ಯಾಬಿನ ಮೇಲಧಿಕಾರಿ ಶಶಿಕಾಂತ್ ಮೂಕಮ್ಮನನ್ನು ಒಳಗೆ ಕರೆದು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ತಿದ್ದುಪಡಿಗೆ ಒಂದು ಫಾರಂ ಇದೆ, ಇವತ್ತೇ ಕಳಿಸಿದರೆ ನಾಳೆ ಕರೂರಿಗೆ ತಂಡ ಹೊರಡುತ್ತದೆ ಎಂದರು. ಫಾರಂನಲ್ಲಿ ತಪ್ಪಿಗೆ ಎರಡೇ ಕಾರಣ ಅಚ್ಚಾಗಿದ್ದವು: ಮಾದರಿ ಕೆಟ್ಟಿದೆ, ಅಥವಾ ಮಾದರಿ ತಂದವರು ಊರ ಹೆಸರು ತಪ್ಪು ಬರೆದಿದ್ದಾರೆ. ಎರಡನೆಯದಕ್ಕೆ ಅವರು ಆಗಲೇ ಗುರುತು ಹಾಕಿದ್ದರು, ಮೂಕಮ್ಮನ ಸಹಿಯಷ್ಟೇ ಬಾಕಿ ಇತ್ತು.

ಮೂಕಮ್ಮ ಫೋನಿನ ಫೋಟೊ ತೋರಿಸಿದಳು. ಅದನ್ನು ಯಾರೂ ಇಲ್ಲ ಅನ್ನುತ್ತಿಲ್ಲ, ಇದು ಬರೀ ಕಾಗದದ ಕೆಲಸ ಎಂದರು ಶಶಿಕಾಂತ್. ಪಟ್ಟಿಯ ತಪ್ಪು ಎಂದು ಬರೆಯಲು ಜಾಗವೆಲ್ಲಿ ಎಂದು ಅವಳು ಕೇಳಿದಳು. ಅಂಥ ಜಾಗ ಇಲ್ಲ ಎಂದರು.

“ನಂದ ತಪ್ಪು ಅಂತ ಬರದ್ರ ಲಿಸ್ಟ್ ತಿದ್ದೋರ್ಯಾರ್ರಿ? ಮುಂದಿನ ಸಲ ನಾನು ಚೀಟಿ ಬರದ್ರ, ಈಕಿ ತಪ್ಪು ಬರಿಯಾಕಿ ಅಂತೀರಿ. ಕರೂರು ಆವಾಗೂ ಇರಂಗಿಲ್ಲ.”

“ಹುಲುಗಮ್ಮ ಆಕ್ಸಿಜನ್ ಮ್ಯಾಲ ಅದಾಳ ಅಂತೀಯಲ್ಲಮ್ಮ. ಆಕಿ ಸಲುವಾಗಿ ಆದ್ರೂ ಸೈನ್ ಹಾಕು.”

ಮೂಕಮ್ಮ ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಪೆನ್ನು ತೆಗೆದುಕೊಂಡಳು. ಅವರ ಗುರುತನ್ನು ಅಡ್ಡ ಹೊಡೆದು, ಅಂಚಿನಲ್ಲಿ ಉಳಿದಿದ್ದ ಬಿಳಿ ಜಾಗದಲ್ಲಿ ದುಂಡಗೆ ಬರೆದಳು: ನಿಮ್ಮ ಪಟ್ಟಿಯಲ್ಲಿ ಕರೂರು ಇಲ್ಲ. ಕೆಳಗೆ ತನ್ನ ಹೆಸರು, ಊರು, ತಾರೀಖು.

ಶಶಿಕಾಂತ್ ಅದನ್ನು ಮಡಚಿ ಬದಿಗೆ ಸರಿಸಿದರು. ಮೇಜಿನ ಡ್ರಾಯರಿನಿಂದ ಹೊಸ ಫಾರಂ ತೆಗೆದು, ಗುರುತು ಹಾಕಿ ಮುಂದೆ ಚಾಚಿದರು.

“ಇದೊಂದಕ್ಕ ಸೈನ್ ಮಾಡಿಬಿಡಮ್ಮ.”

“ಇಲ್ರಿ ಸಾರ್. ಮಾಡಂಗಿಲ್ಲ.”