ಸ್ಪೀಕರ್ ಸುತ್ತ ಒಂದು ಗೇಣು

ಆಯುಧ ಪೂಜೆ ಕಳೆದು ಹನ್ನೆರಡು ದಿನವಾಗಿತ್ತು. ಅಂದಿನಿಂದಲೂ ಕಶ್ಯಪನ ಮನೆಯ ಹಾಲಿನಲ್ಲಿ ಹಾಡು ನೆಟ್ಟಗೆ ಕೇಳುತ್ತಿರಲಿಲ್ಲ. ಮೃದಂಗಕ್ಕೆ ಗುಮ್ಮೆನ್ನುವ ಹೊಟ್ಟೆಯೇ ಇರಲಿಲ್ಲ. ಹಾಡುವವರು ಎರಡು ಸ್ಪೀಕರಿನ ನಡುವೆ ಕೂತಂತಿರಬೇಕು. ಈಗ ಎಲ್ಲಿದ್ದಾರೆಂದೇ ತಿಳಿಯುತ್ತಿರಲಿಲ್ಲ.

ಇನ್ಶೂರೆನ್ಸ್ ಆಫೀಸಿನಿಂದ ರಾಮಮೂರ್ತಿ ನಗರದವರೆಗೆ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಮಗಳ ಹೋಂವರ್ಕ್ ನೋಡಿ, ಊಟಕ್ಕೆ ಮುಂಚೆ ಅರ್ಧ ಗಂಟೆ ಹಾಡು ಕೇಳುವುದೊಂದೇ ಅವನ ಸುಖ. ಅದಕ್ಕಾಗಿ ಏನೆಲ್ಲ ಮಾಡಿದ. ಆ್ಯಪಿನಲ್ಲಿ ಗುಣಮಟ್ಟವನ್ನು ತುದಿಗೇರಿಸಿದ. ವೈಫೈ ನಂಬದೆ ಗೋಡೆಯುದ್ದಕ್ಕೂ ಕೇಬಲ್ ಎಳೆದ. ಫೋನಿನ ಹಾಡನ್ನು ತಿಳಿಯಾಗಿಸಿ ಆಂಪ್ಲಿಫೈಯರಿಗೆ ದಾಟಿಸುವ ಪುಟ್ಟ ಡಬ್ಬಿಯನ್ನೂ ತರಿಸಿದ. ಯಾವುದರಿಂದಲೂ ಹಾಡು ಸರಿಹೋಗಲಿಲ್ಲ.

ಕಡೆಗೆ ತಪ್ಪು ಹೊರಿಸಲು ಉಳಿದದ್ದು ಆರು ವರ್ಷದಿಂದ ಮನೆಗೆಲಸಕ್ಕೆ ಬರುತ್ತಿದ್ದ ವೆಂಕಟಮ್ಮ. ಪೂಜೆಯ ಮಾರನೆಯ ಬೆಳಗ್ಗೆ ಅವಳು ಸ್ಪೀಕರಿನ ಮೇಲಿನ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದನ್ನು ಅವನೇ ನೋಡಿದ್ದ.

"ನೀರು ಒಳಗೆ ಹೋಗಿದೆ. ಇನ್ಮೇಲೆ ಹಾಲ್ ಕಡೆ ಬರ್ಲೇಬೇಡಿ ನೀವು," ಎಂದುಬಿಟ್ಟಿದ್ದ, ಆಶ್ರಿತಾಳ ಎದುರಿಗೇ. ಹನ್ನೊಂದು ವರ್ಷದ ಮಗಳು ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಅಂದಿನಿಂದ ವೆಂಕಟಮ್ಮ ಹಿಂಬಾಗಿಲಿನಿಂದ ಬಂದು, ಪಾತ್ರೆ ತೊಳೆದು, ಹಿಂಬಾಗಿಲಿನಿಂದಲೇ ಹೋಗುತ್ತಿದ್ದಳು.

ಭಾನುವಾರ ಅವಳು ಗಂಡನನ್ನು ಕರೆದುಕೊಂಡು ಬಂದಳು.

"ನಮ್ಮ ಯಜಮಾನ್ರು ಸಾರ್. ಹಲಸೂರಲ್ಲಿ ಮೈಕ್ ಸೆಟ್ ಕೆಲ್ಸ. ನಾನು ಕೆಡಿಸಿದ್ದನ್ನ ಇವರಾದ್ರೂ ಸರಿ ಮಾಡ್ಲಿ ಅಂತ ಕರ್ಕೊಂಡ್ಬಂದೆ."

"ಇದು ಪೆಂಡಾಲ್ ಸ್ಪೀಕರ್ ಅಲ್ಲ ಕಣ್ರೀ," ಎಂದ ಕಶ್ಯಪ.

"ಗೊತ್ತಾಗ್ತದೆ ಸಾರ್," ಎಂದ ಅವಳ ಗಂಡ ಚಿಕ್ಕವೆಂಕಟಪ್ಪ. "ಪೆಂಡಾಲ್‌ದಾಗಿದ್ರೆ ಇಷ್ಟೊತ್ತಿಗೆ ನಾಲ್ಕು ಜನ ಬೈದಿರೋರು. ಒಂದು ಹಾಡು ಹಾಕಿ."

ಹಾಲಿನ ನಟ್ಟನಡುವೆ ನಿಂತು ಕತ್ತು ವಾಲಿಸಿ ಕೇಳಿದ. ಆಮೇಲೆ ಒಂದು ಸೆಲ್ ಕೇಳಿದ. ಆಶ್ರಿತಾ ಗೋಡೆ ಗಡಿಯಾರದ್ದನ್ನೇ ಬಿಚ್ಚಿ ಕೊಟ್ಟಳು. ಅವನು ಸ್ಪೀಕರುಗಳ ಮುಂದಿನ ಬಲೆ ತೆಗೆದು, ಆಂಪ್ಲಿಫೈಯರಿನಿಂದ ವೈರುಗಳನ್ನು ಬಿಡಿಸಿ, ಬಲಗಡೆಯ ಕೆಂಪು ಕಪ್ಪು ತುದಿಗಳನ್ನು ಸೆಲ್ಲಿಗೆ ತಾಗಿಸಿದ. ಟಪ್ಪೆಂದು ಒಳಗಿನ ಕಾಗದದ ಬಟ್ಟಲು ಮುಂದೆ ಬಂತು. ಎಡಗಡೆಯದಕ್ಕೂ ಹಾಗೇ ತಾಗಿಸಿದ. ಅದು ಹಿಂದೆ ಹೋಯಿತು.

"ನೋಡಿ ಸಾರ್. ಒಂದು ತಳ್ತದೆ, ಇನ್ನೊಂದು ಎಳೀತದೆ. ಗುಮ್ಮೆಲ್ಲ ಇವೆರಡ್ರ ಜಗಳದಲ್ಲೇ ಹೋಯ್ತು." ಎಡಗಡೆ ಸ್ಪೀಕರಿನ ಬೆನ್ನು ತಿರುಗಿಸಿ ತೋರಿಸಿದ. ಕೆಂಪು ವೈರು ಕಪ್ಪು ತೂತಿನಲ್ಲಿತ್ತು, ಕಪ್ಪು ಕೆಂಪಿನಲ್ಲಿ.

ಕಶ್ಯಪ ಬಗ್ಗಿ ನೋಡಿದ. "ಈ ವೈರ್‌ಗಳೇ ಹಂಗೆ. ಬಣ್ಣ ಸರಿಯಾಗಿ ಕಾಣಲ್ಲ," ಎಂದ.

"ಅಪ್ಪಾ, ಪೂಜೆ ದಿನ ನೀನೇ ತಾನೇ ಎಲ್ಲಾ ಬಿಚ್ಚಿ ಹಾಕಿದ್ದು?" ಆಶ್ರಿತಾ ಕೇಳಿದಳು. "ನನ್ನ ಆಯುಧ ನಾನೇ ಒರೆಸ್ಕೋತೀನಿ, ಯಾರೂ ಮುಟ್ಬೇಡಿ ಅಂದ್ಯಲ್ಲ."

ಚಿಕ್ಕವೆಂಕಟಪ್ಪ ಕೆಳಗೆ ನೋಡುತ್ತ ವೈರು ಅದಲುಬದಲು ಮಾಡಿದ. "ಆತುರದಲ್ಲಿ ಆಗ್ತದೆ ಸಾರ್. ನಾವೂ ಹಾಕಿದ್ದೀವಿ."

ಬಾಗಿಲ ಆಚೆಯೇ ನಿಂತಿದ್ದ ವೆಂಕಟಮ್ಮ ಕೇಳಿದಳು: "ಹಂಗಾದ್ರೆ ನೀರು ಹೋಗಿರ್ಲಿಲ್ವಾ?"

"ಇಲ್ಲ ಬಿಡೇ. ಬಟ್ಟೆ ಹೊರಗಿನ ಮರಕ್ಕೆ ತಗುಲಿದೆ, ಅಷ್ಟೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೈದಿದ್ದರೆ ಕಶ್ಯಪ ತಡೆದುಕೊಳ್ಳುತ್ತಿದ್ದ. ಅವಳ ಆ ನೆಮ್ಮದಿಯನ್ನು ನೋಡಲಾಗಲಿಲ್ಲ.

"ತಪ್ಪು ನಂದೇ ವೆಂಕಟಮ್ಮ. ನಾನೇ ಉಲ್ಟಾ ಹಾಕಿ ನಿಮ್ಮನ್ನ ಅಂದೆ. ಹಂಗೆ ಅನ್ಬಾರ್ದಿತ್ತು."

"ಅಯ್ಯೋ, ಬಿಡಿ ಸಾರ್. ನಾಳೆಯಿಂದ ಹಾಲ್ ಒರೆಸ್ಲಾ?"

ಅವನು ಹೂಂ ಎಂದು ತಲೆಯಾಡಿಸಿದ. ಅಂದು ಸಂಜೆ ಮೃದಂಗ ತುಂಬಿಕೊಂಡು ಕೇಳಿತು. ಎರಡನೆಯ ಹಾಡಿಗೇ ಅವನು ನಿಲ್ಲಿಸಿದ.

ಮರುದಿನ ಬೆಳಗ್ಗೆ ಶೂ ಹಾಕಿಕೊಳ್ಳುವಾಗ ನೋಡಿದ. ಹಾಲಿನ ನೆಲವೆಲ್ಲ ಒದ್ದೆಯಾಗಿ ಹೊಳೆಯುತ್ತಿತ್ತು. ಎರಡೂ ಸ್ಪೀಕರಿನ ಸುತ್ತ ಮಾತ್ರ ಗೇಣಗಲ ನೆಲ ಒಣಗೇ ಇದ್ದು, ಅಷ್ಟು ದಿನದ ಧೂಳು ಹಾಗೇ ಇತ್ತು.

"ಅಲ್ಲೂ ಒರೆಸಿ ವೆಂಕಟಮ್ಮ. ಪರವಾಗಿಲ್ಲ."

"ಅದೊಂದು ಬೇಡ ಸಾರ್," ಎಂದಳು ಅವಳು, ಬಟ್ಟೆ ಹಿಂಡುತ್ತ.

ಅವನು ಕೈ ಚಾಚಿದ. "ಹಾಗಾದ್ರೆ ಬಟ್ಟೆ ಇಲ್ಲಿ ಕೊಡಿ, ನಾನು ಒರೆಸ್ತೀನಿ."

"ನಿಮಗ್ಯಾಕೆ ಸಾರ್? ಆಫೀಸಿಗೆ ಹೊತ್ತಾಗ್ತದೆ."

ಹೊತ್ತಾಗಿತ್ತು, ನಿಜ. ಆದರೂ ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಅಲ್ಲೇ ನಿಂತಿದ್ದ.